ಸಹಾಯ ಬೇಕು: ಉಬುಂಟುವಿನಲ್ಲಿ ತೆರೆದರೆ ಓಮ್ (Ω) ಚಿಹ್ನೆ ಹೋಗಿ ಡಬ್ಲ್ಯೂ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನ ಟೀಚರ್. ಮನೆಯಲ್ಲಿ ವಿಂಡೋಸ್, ಶಾಲೆಯಲ್ಲಿ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್) ಮತ್ತು ಲಿಬ್ರೆ ಆಫೀಸ್ (ವರ್ಡ್ ತರಹದ ಉಚಿತ ತಂತ್ರಾಂಶ).

ವರ್ಡ್‌ನಲ್ಲಿ ಮಾಡಿದ ಹತ್ತನೇ ತರಗತಿಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಶಾಲೆಯಲ್ಲಿ ತೆರೆದರೆ ಕನ್ನಡವೇನೋ ಸರಿಯಾಗಿಯೇ ಕಾಣುತ್ತದೆ, ಅದು ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ನಿಗದಿತ ಸಂಕೇತ ಇರುವ ವ್ಯವಸ್ಥೆ. ಚಿಹ್ನೆಗಳದ್ದೇ ತಲೆನೋವು. ಓಮ್ ಇದ್ದ ಕಡೆ ಇಂಗ್ಲಿಷ್ ಡಬ್ಲ್ಯೂ, ಥೀಟಾ ಇದ್ದ ಕಡೆ ಕ್ಯೂ. ವಿಂಗ್‌ಡಿಂಗ್ಸ್‌ನ (ಅದು ಚಿಹ್ನೆಗಳ ಒಂದು ಫಾಂಟ್) ಟಿಕ್ ಗುರುತು ಕೆಲವು ಕಡೆ ಬರೀ ಖಾಲಿ ಚೌಕ. 5 ಓಮ್ ರೋಧಕದ ಪಕ್ಕ ಡಬ್ಲ್ಯೂ ಕಂಡರೆ ಮಕ್ಕಳು 5 ವ್ಯಾಟ್ ಅಂತಲೇ ಓದುತ್ತಾರೆ, ಅಲ್ವಾ? ಲೆಕ್ಕವೇ ಕೆಟ್ಟಿತು.

ಕಾರಣ ಗೊತ್ತಾಗಿದೆ. ಓಮ್, ಥೀಟಾದಂಥ ಗ್ರೀಕ್ ಅಕ್ಷರಗಳನ್ನೆಲ್ಲ ಸಿಂಬಲ್ ಎಂಬ ಫಾಂಟ್‌ನಲ್ಲಿ ಟೈಪ್ ಮಾಡಲಾಗಿದೆ. ಅದರಲ್ಲಿ ಡಬ್ಲ್ಯೂ ಒತ್ತಿದರೆ ಓಮ್ ಕಾಣುತ್ತದೆ, ಫೈಲಿನೊಳಗೆ ಮಾತ್ರ ಯೂನಿಕೋಡ್‌ನ ಓಮ್ ಇರುವುದಿಲ್ಲ. ಫಾಂಟ್ ಬದಲಾದರೆ ಚಿಹ್ನೆಯೂ ಹೋಯಿತು.

ಪಿಡಿಎಫ್ ಮಾಡಿದರೆ ಪ್ರಿಂಟ್ ಚೆನ್ನಾಗಿ ಬರುತ್ತದೆ. ಆದರೆ ಬೇರೆ ಟೀಚರ್‌ಗಳು ಪ್ರಶ್ನೆ ತಿದ್ದಬೇಕಲ್ಲ, ಹಾಗಾಗಿ ಅದು ಸಾಲದು. ಹೊಸ ಪತ್ರಿಕೆಗಳಲ್ಲಿ ಯೂನಿಕೋಡ್ ಚಿಹ್ನೆಗಳನ್ನೇ ಹಾಕುತ್ತಿದ್ದೇನೆ. ಹಳೆಯವು ಜಾಸ್ತಿ ಇವೆ. ಸುಮ್ನೆ ಹುಡುಕಿ ಬದಲಿಸಲು ಹೋದರೆ ‘ಕೆಲಸ’ ಅಥವಾ ‘ವ್ಯಾಟ್’ ಎಂಬ ಅರ್ಥದಲ್ಲಿ ಬರೆದ ನಿಜವಾದ ಡಬ್ಲ್ಯೂ ಕೂಡ ಓಮ್ ಆಗಿಬಿಡುತ್ತದೆ.

ಸಿಂಬಲ್ ಫಾಂಟ್‌ನಲ್ಲಿರುವ ಅಕ್ಷರಗಳನ್ನು ಮಾತ್ರ ಹಿಡಿದು ಯೂನಿಕೋಡ್ ಗ್ರೀಕ್‌ಗೆ ಬದಲಿಸುವ ಮ್ಯಾಕ್ರೋ (ಇಂಥ ಕೆಲಸವನ್ನು ತಾನಾಗಿ ಮಾಡುವ ಚಿಕ್ಕ ಪ್ರೋಗ್ರಾಂ) ಯಾರ ಬಳಿಯಾದರೂ ಇದೆಯಾ? ವರ್ಡ್‌ನದ್ದಾದರೂ ಸರಿ, ಲಿಬ್ರೆ ಆಫೀಸ್‌ನದ್ದಾದರೂ ಸರಿ. ಒಂದೊಂದೇ ಫೈಲ್ ತೆರೆಯದೆ ಇಡೀ ಫೋಲ್ಡರ್‌ಗೆ ಓಡಿಸುವಂತಿದ್ದರೆ ದೊಡ್ಡ ಉಪಕಾರ. ಮಾದರಿ ಫೈಲ್ ಬೇಕಿದ್ದರೆ ಕಳಿಸುತ್ತೇನೆ.