ಹಾಲ್‌ನ ಪಡು ಗೋಡೆಗೆ ಚಾರ್ಕೋಲ್ ಬಣ್ಣ: ಎರಡು ಕೋಟ್ ಸಾಕಾ?

ಕಡಿಯಾಳಿ_ಮನೆ:
ಉಡುಪಿಯಲ್ಲಿ ಕೆಂಪುಕಲ್ಲಿನ ಮನೆ. ಹಾಲ್‌ನ ಟಿವಿ ಗೋಡೆ 12 ಅಡಿ ಉದ್ದ, 10 ಅಡಿ ಎತ್ತರ. ಅದೊಂದಕ್ಕೆ ಚಾರ್ಕೋಲ್ (ಇದ್ದಿಲಿನಂಥ ಕಡುಬೂದು) ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣ, ಕೊಡುವ ಅಂತ ಉಂಟು. ಈಗಿರುವುದು ಕ್ರೀಮ್ ಎಮಲ್ಷನ್. ನೆಲ ರೆಡ್ ಆಕ್ಸೈಡ್, ಬಾಗಿಲು ಹಲಸಿನ ಮರದ್ದು. ಅದು ಪಡು ಬದಿಯ ಹೊರಗೋಡೆ, ಮಳೆಗಾಲದಲ್ಲಿ ಕೆಳಗಿನ ಒಂದೂವರೆ ಅಡಿ ಬಿಳಿ ಹುಡಿ ಬಿಡ್ತದೆ. ಎರಡು ಕೋಟ್‌ಗೆ ಒಂದು ಲೀಟರ್ ಸಾಕು ಅಂತಾರೆ ಪೇಂಟರ್. ದೀಪಾವಳಿಗೆ ಮುಗಿಸಬಹುದಾ?

ಗಾರೆ_ಕೆಲಸ:
ಮೊದಲು ಆ ಹುಡಿಯ ವಿಚಾರ ನೋಡಿ. ಗೋಡೆಯೊಳಗಿನ ನೀರು ಗಾರೆಯ ಉಪ್ಪನ್ನು ಕರಗಿಸಿ ಹೊರಗೆ ತರ್ತದೆ. ನೀರು ಆರಿದ ಮೇಲೆ ಉಪ್ಪು ಉಳಿಯುತ್ತದೆ. ಕ್ರೀಮ್ ಬಣ್ಣದಲ್ಲಿ ಕಣ್ಣಿಗೆ ಬೀಳದ್ದು ಚಾರ್ಕೋಲ್‌ನಲ್ಲಿ ಬೂದಿ ಎರಚಿದ ಹಾಗೆ ಕಾಣ್ತದೆ. ಕೆಳಗೆ ಮಾತ್ರ ಬರುವುದಾದರೆ ಸೂರಿನ ನೀರು ಗೋಡೆಯ ಬುಡಕ್ಕೆ ಸಿಡಿಯುತ್ತದಾ, ಅಂಗಳ ಗೋಡೆಯ ಕಡೆಗೆ ಇಳಿಜಾರಾಗಿದೆಯಾ ನೋಡಿ. ಮೇಲೆಯೂ ಕಲೆಗಳಿದ್ದರೆ ಹೊರಗಿನ ಗಾರೆಯ ಬಿರುಕು. ಹೊರಗೆ ಸರಿಮಾಡದೆ ಒಳಗಿನಿಂದ ಡ್ಯಾಂಪ್‌ಪ್ರೂಫ್ (ತೇವ ತಡೆಯುವ ಲೇಪ) ಬಳಿದರೆ ನೀರು ಅದರ ಹಿಂದೆಯೇ ನಿಂತು ಪದರವನ್ನು ಎಬ್ಬಿಸುತ್ತದೆ.

ಉಪ್ಪನ್ನು ಒಣ ಬ್ರಷ್‌ನಲ್ಲೇ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಒಳಗೆ ಹೋಗ್ತದೆ. ಆಮೇಲೆ 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ 24 ಗಂಟೆ ಬಿಡಿ. ಗೋಡೆಯ ಕಡೆ ಹನಿ ಕಟ್ಟಿದರೆ ಗೋಡೆ ಇನ್ನೂ ಹಸಿ. ಕೋಣೆಯ ಕಡೆ ಮಾತ್ರವಾದರೆ ಅದು ಗಾಳಿಯ ತೇವ. ದೀಪಾವಳಿ ಬಿಡಿ, ಡಿಸೆಂಬರ್‌ಗೆ ಇಡಿ.

ಬಣ್ಣದಂಗಡಿ_ಕಾರ್‌ಸ್ಟ್ರೀಟ್:
ಎರಡು ಕೋಟ್ ಸಾಲುವುದಿಲ್ಲ. ಕಡು ಬಣ್ಣ ಕಲಸುವ ಮೂಲ ಪೇಂಟ್‌ನಲ್ಲಿ (ಬೇಸ್) ಬಿಳಿ ಪಿಗ್ಮೆಂಟ್, ಅಂದರೆ ಬಿಳಿ ಬಣ್ಣದ ಹುಡಿ, ತೀರಾ ಕಡಿಮೆ, ಹಾಗಾಗಿ ಕೆಳಗಿನ ಕ್ರೀಮ್ ಇಣುಕುತ್ತದೆ. ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್‌ಗೇ ನಡುಬೂದು ಬಣ್ಣ ಸೇರಿಸಿ ಒಂದು ಕೋಟ್ ಕೊಡಿ, ಮೇಲೆ ಚಾರ್ಕೋಲ್ ಮೂರು ಕೋಟ್. 120 ಚದರಡಿಗೆ ಸುಮಾರು ಒಂದೂವರೆ ಲೀಟರ್ ಹಿಡಿಯುತ್ತದೆ. ಎರಡು ಲೀಟರ್ ಒಂದೇ ಸಲ ಕಲಸಿಸಿ, ಎರಡೂ ಡಬ್ಬಿಯನ್ನು ಒಂದೇ ಬಕೆಟಿಗೆ ಹೊಯ್ದು ಬೆರೆಸಿ. ಬೇರೆ ಬೇರೆ ದಿನ ಕಲಸಿದರೆ ಛಾಯೆ ತುಸು ತಪ್ಪಿದರೂ ಗೋಡೆಯ ಮಧ್ಯೆ ಗೆರೆ ಕಾಣ್ತದೆ.

ನೀರು ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಬೇಡ. ತೆಳುವಾದರೆ ಪಟ್ಟೆ ಪಟ್ಟೆ. ಬಳಿಯುವಾಗ ಫ್ಯಾನ್ ಆಫ್ ಇರಲಿ, ಅಂಚು ಹಸಿ ಇರುವಾಗಲೇ ಮುಂದಿನ ರೋಲರ್ ತಾಗಬೇಕು. ಮೂಲೆಯಿಂದ ಮೂಲೆಯ ತನಕ ಮಧ್ಯೆ ನಿಲ್ಲಿಸಬೇಡಿ.

ಪಡೀಲ್_ಇಂಟೀರಿಯರ್:
ಗೋಡೆ ನಯ ಮಾಡಲು ಹಚ್ಚುವ ಪುಟ್ಟಿಯನ್ನು ಉಜ್ಜಿದ ಮೇಲೆ ಗೋಡೆಗೆ ತಾಗಿಸಿ ಅಡ್ಡಲಾಗಿ ಬಲ್ಬ್ ಹಿಡಿದು ನೋಡಿ, ಏರುತಗ್ಗೆಲ್ಲ ಆಗಲೇ ಸಿಗ್ತದೆ. ನಂತರವೂ ಗೋಡೆಯನ್ನು ಸವರುವ ಸ್ಟ್ರಿಪ್ ಲೈಟ್ ಈ ಗೋಡೆಗೆ ಬೇಡವೇ ಬೇಡ. ಕೆಂಪು ನೆಲಕ್ಕೂ ಹಲಸಿಗೂ ನೀಲಿ ಕಡೆ ವಾಲುವ ಚಾರ್ಕೋಲ್ ತಣ್ಣಗೆ ಕಾಣ್ತದೆ, ತುಸು ಕಂದು ಬೆರೆತದ್ದು ಒಪ್ಪುತ್ತದೆ. 2 ಅಡಿ ಚೌಕದ ಪ್ಲೈವುಡ್‌ಗೆ ಬಳಿದು ಬೆಳಿಗ್ಗೆ 11ಕ್ಕೊಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಬಲ್ಬ್ 3000 ಕೆಲ್ವಿನ್ (ಬೆಚ್ಚಗಿನ ಹಳದಿ ಬೆಳಕಿನದ್ದು) ಇರಲಿ.

ಕಡಿಯಾಳಿ_ಮನೆ:
ಮ್ಯಾಟ್‌ನಲ್ಲಿ ಮಕ್ಕಳ ಕೈಗುರುತು ಹೋಗ್ತದಾ?

ಬಣ್ಣದಂಗಡಿ_ಕಾರ್‌ಸ್ಟ್ರೀಟ್:
ಕಷ್ಟ. ಉಜ್ಜಿದಲ್ಲೆಲ್ಲ ಹೊಳಪು ಕಲೆ ನಿಲ್ಲುತ್ತದೆ. ತೊಳೆಯಬಹುದಾದ ಮ್ಯಾಟ್ ಅಂತಲೇ ಕೇಳಿ, ಇಲ್ಲವಾದರೆ ಕಡಿಮೆ ಹೊಳಪಿನ ಶೀನ್ ತೆಗೆದುಕೊಳ್ಳಿ. ಅದಕ್ಕೆ ಪುಟ್ಟಿ ಇನ್ನೂ ನಯ ಬೇಕು. ಉಳಿದ ಅರ್ಧ ಲೀಟರ್ ಬಿಗಿಯಾಗಿ ಮುಚ್ಚಿಡಿ.