ನ್ಯಾಂಡ್ ಫ್ಲ್ಯಾಶ್ ಬೋರ್ಡಿಗೆ ಹೊಸ ಕರ್ನಲ್ ಹಾಕಿದವರು ಅನುಭವ ಹೇಳಿ

ಕಡಲತಡಿ ಕುಮಟಾ

ತೋಟದ ಮಳೆಮಾಪಕಕ್ಕೆ ಒಂದು ಲಿನಕ್ಸ್ ಬೋರ್ಡ್ ಇಟ್ಟಿದ್ದೇನೆ. 128 ಎಂಬಿ ಎಸ್‌ಎಲ್‌ಸಿ ನ್ಯಾಂಡ್ ಫ್ಲ್ಯಾಶ್ ಚಿಪ್ಪು, ಪಕ್ಕದಲ್ಲಿ ಬೂಟ್ ಪ್ರೋಗ್ರಾಮ್ ಇರುವ ಇನ್ನೊಂದು ಫ್ಲ್ಯಾಶ್ ಚಿಪ್ಪು, 16 ಎಂಬಿ ಎಸ್‌ಪಿಐ ನಾರ್. ಬೋರ್ಡಿನ ಜೊತೆ ಬಂದ ಕರ್ನಲ್ (ಲಿನಕ್ಸಿನ ತಿರುಳು) ತೀರಾ ಹಳೆಯದು, ಜೆಎಫ್‌ಎಫ್‌ಎಸ್2 ಅನ್ನುವ ಹಳೆ ಫೈಲ್ ವ್ಯವಸ್ಥೆ ಮೇಲೆ ನಡೀತಾ ಇದೆ. ಹೊಸದು ಕಟ್ಟಿ, ಇಂಥ ಫ್ಲ್ಯಾಶಿಗೆಂದೇ ಇರುವ ಫೈಲ್ ವ್ಯವಸ್ಥೆ ಯುಬಿಐಎಫ್‌ಎಸ್‌ಗೆ ಹೋಗೋಣ ಅಂತ ಇಮೇಜ್ ಬರೆದೆ. ಬೂಟ್ ಆಗುವಾಗ ಯುಬಿಐ (ಫ್ಲ್ಯಾಶ್ ಬ್ಲಾಕುಗಳನ್ನು ನೋಡಿಕೊಳ್ಳುವ ಕೆಳಪದರ) ಅಟ್ಯಾಚ್ ಆಗುವುದೇ ಇಲ್ಲ, ಪರದೆ ತುಂಬ ಎರರ್. ಡ್ರೈವರ್‌ಗಳನ್ನು ಕರ್ನಲ್ ಒಳಗೇ ಸೇರಿಸಿದಿರಾ, ಬೇರೆ ಫೈಲಾಗಿ (ಮಾಡ್ಯೂಲ್) ಇಟ್ಟಿರಾ? ಇಸಿಸಿ (ಬಿಟ್ ತಪ್ಪು ತಿದ್ದುವ ಲೆಕ್ಕ) ಯಾವುದು ಇಟ್ಟಿರಿ? ಕರೆಂಟ್ ಹೋದಾಗ ಏನಾಯಿತು? ಮಾಡಿ ನೋಡಿದವರು ಹೇಳಿ. ಮಳೆಗಾಲ ಹತ್ತಿರ ಬಂತು.

ಅಡಿಕೆಮನೆ ಶಿರಸಿ

ತಮಾ, ಇಸಿಸಿ ಅಂದ ಕೂಡಲೇ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ. ನನ್ನ ತೋಟ ಹುಲೇಕಲ್ ಕಡೆ. ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನ ಗೊತ್ತು ಮಾಡಲಿಕ್ಕೆ ಮಳೆ, ಎಲೆಯ ತೇವ, ಉಷ್ಣಾಂಶ ಬರೆದಿಡುವ ಪೆಟ್ಟಿಗೆ ಮಾಡಿದೆ. ಬೋರ್ಡಿಗೆ 4,600 ರೂಪಾಯಿ, ನೀರು ಹೋಗದ ಡಬ್ಬಿಗೆ 740, ಬ್ಯಾಟರಿಗೆ 1,150. ಕರ್ನಲ್ ಎಬ್ಬಿಸುವ ಯು-ಬೂಟ್, 8 ಬಿಟ್ ತಪ್ಪು ತಿದ್ದುವ ಬಿಸಿಎಚ್8 ಲೆಕ್ಕದಲ್ಲಿ ಬರೆಯುತ್ತಿತ್ತು. ನಾನು ಕಟ್ಟಿದ ಕರ್ನಲ್ಲಿನ ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಏನೇನಿದೆ ಅಂತ ಹೇಳುವ ಫೈಲ್) ಇಸಿಸಿಯ ಸಾಲುಗಳು ಬಿಟ್ಟುಹೋಗಿ, ಅದು 1 ಬಿಟ್ ಹ್ಯಾಮಿಂಗ್‌ಗೆ ಇಳಿದಿತ್ತು. ಒಬ್ಬ ಬರೆದದ್ದು ಇನ್ನೊಬ್ಬನಿಗೆ ಓದಲಿಕ್ಕೆ ಬರಲಿಲ್ಲ. ಸೀರಿಯಲ್ ಪರದೆಯಲ್ಲಿ ಮೈನಸ್ 74 (ಇಸಿಸಿಗೆ ತಿದ್ದಲಾಗದ ತಪ್ಪು), ಬ್ಲಾಕ್ 0. ಮೈನಸ್ 74, ಬ್ಲಾಕ್ 1. ಮೈನಸ್ 74, ಬ್ಲಾಕ್ 2. ಹೀಗೇ ಸಾವಿರದವರೆಗೆ.

ಚಿಪ್ಪೇ ಸತ್ತಿದೆ ಅಂದುಕೊಂಡೆ. ರಾತ್ರಿ ಎರಡು ಗಂಟೆಗೆ ಯು-ಬೂಟಿನಲ್ಲಿ ನ್ಯಾಂಡ್ ಸ್ಕ್ರಬ್ ಕೊಟ್ಟೆ. ನಿಜವಾಗಿಯೂ ಅಳಿಸಲಾ ಅಂತ ಕೇಳಿತು, ವೈ ಒತ್ತಿದೆ. ಕಾರ್ಖಾನೆಯಲ್ಲಿ ಕೆಟ್ಟ ಬ್ಲಾಕುಗಳಿಗೆ ಹಾಕಿದ ಗುರುತು ಅಷ್ಟೂ ಒರೆಸಿಹೋಯ್ತು. ಡಿವೈಸ್ ಟ್ರೀಯಲ್ಲಿ ಇಸಿಸಿಯ ಶಕ್ತಿ 8, ಹೆಜ್ಜೆ 512 ಅಂತ ಎರಡು ಸಾಲು ಹಾಕಿದ ಕೂಡಲೇ ಎಲ್ಲ ಸರಿ ಓದಿತು. ಅಂದರೆ ಚಿಪ್ಪಿಗೆ ಮೊದಲು ಏನೂ ಆಗಿರಲಿಲ್ಲ. ಆದರೆ ಗುರುತು ಹೋದದ್ದು ಹೋಯ್ತು. ಹತ್ತೊಂಬತ್ತು ದಿನ ನಡೆದು ಒಂದೊಂದೇ ಬ್ಲಾಕ್ ಕೈಕೊಡಲಿಕ್ಕೆ ಶುರು. ಜುಲೈ ತಿಂಗಳ ದಾಖಲೆ ಪೂರ್ತಿ ಹೋಯ್ತು, ಮದ್ದು ಹೊಡೆಯುವುದು ಎಂಟು ದಿನ ತಡವಾಯ್ತು. ತೋಟದ ಕೆಳಗಿನ ಪಟ್ಟಿಯಲ್ಲಿ ಕಾಯಿ ಉದುರಿದ್ದನ್ನು ಬುಟ್ಟಿಯಲ್ಲಿ ತುಂಬಿ ಹೊತ್ತು ಹಾಕಿದ್ದೇನೆ. ಅದರ ಲೆಕ್ಕ ಬೋರ್ಡಿನ ಖರ್ಚಿಗೆ ಸೇರಿಸಿಯೇ ಇಲ್ಲ.

ಯಲ್ಲಾಪುರ ಘಟ್ಟ

ಇಷ್ಟು ಕಷ್ಟ ಯಾಕೆ ಪಡುತ್ತೀರೋ ಗೊತ್ತಾಗುವುದಿಲ್ಲ. ಬರೇ ನ್ಯಾಂಡ್ ಇರುವ ಬೋರ್ಡನ್ನು ನಾನು ಕೈಬಿಟ್ಟು ನಾಲ್ಕು ವರ್ಷ ಆಯ್ತು. ಇಎಂಎಂಸಿ ಚಿಪ್ಪಿರುವುದು ತಗೊಳ್ಳಿ, ಎಕ್ಸ್‌ಟಿ4 ಫೈಲ್ ವ್ಯವಸ್ಥೆ ಹಾಕಿ. ಕೆಟ್ಟ ಬ್ಲಾಕ್, ಇಸಿಸಿ, ಸವೆತ ಹಂಚುವುದು, ಎಲ್ಲ ಚಿಪ್ಪಿನ ಒಳಗಿನ ಕಂಟ್ರೋಲರೇ ನೋಡಿಕೊಳ್ಳುತ್ತದೆ. ನನಗೆ ಸಿಕ್ಕಿದ ತೊಂದರೆ ಒಂದೇ. ಬೋರ್ಡಿನಲ್ಲಿ ಇಎಂಎಂಸಿಯ ಐಓ ಸಾಲು 3.3 ವೋಲ್ಟ್‌ಗೆ ಕಟ್ಟಿತ್ತು, ನಾನು ಬೇರೆ ಬೋರ್ಡಿನ ಡಿವೈಸ್ ಟ್ರೀ ನಕಲು ಹೊಡೆದು ಎಚ್‌ಎಸ್200 ಅನ್ನುವ ವೇಗದ ಮೋಡ್ ಹಾಗೇ ಇಟ್ಟಿದ್ದೆ. ಅದಕ್ಕೆ 1.8 ವೋಲ್ಟ್ ಬೇಕು. ಮೈನಸ್ 84, ಮೈನಸ್ 84 ಅಂತ ಡೇಟಾ ತಪ್ಪಿನ ಸಂದೇಶ ಒಂದು ವಾರ. ಮೂರು ಸಲ ಹುಬ್ಬಳ್ಳಿಗೆ ಹೋಗಿ ಬಂದೆ, ಬಸ್ಸು ಊಟ ಸೇರಿ 1,400 ರೂಪಾಯಿ. ಕೊನೆಗೆ ಆ ಸಾಲು ತೆಗೆದು 'ನೋ 1.8 ವಿ' ಅಂತ ಹಾಕಿದೆ. ಇವತ್ತಿನವರೆಗೆ ಒಂದು ದೂರು ಇಲ್ಲ. ಆಯುಷ್ಯ ಎಷ್ಟು ಉಳಿದಿದೆ ಅಂತ ಚಿಪ್ಪೇ ಹೇಳುತ್ತದೆ: ನನ್ನದು 0ಎಕ್ಸ್02, ಅಂದರೆ ಹತ್ತರಿಂದ ಇಪ್ಪತ್ತು ಪ್ರತಿಶತ ಸವೆದಿದೆ. ನಿಮ್ಮ ನ್ಯಾಂಡ್ ಹೇಳುತ್ತದಾ?

ಅಡಿಕೆಮನೆ ಶಿರಸಿ

ಹೇಳುತ್ತದೆ ಮಾರಾಯ. ಯುಬಿಐ ಪ್ರತಿ ಬ್ಲಾಕಿನ ತಲೆಯಲ್ಲಿ ಎಷ್ಟು ಸಲ ಅಳಿಸಿದೆ ಅಂತ ಬರೆದಿಟ್ಟುಕೊಳ್ಳುತ್ತದೆ. ನೀನು ಓದಿಲ್ಲ ಅಷ್ಟೆ. ಕೈಯಲ್ಲಿ ಇರುವ ಬೋರ್ಡಿನ ಪ್ರಶ್ನೆ ಕೇಳಿದವನಿಗೆ ಬೇರೆ ಬೋರ್ಡ್ ತಗೋ ಅನ್ನುವುದು ಸಲಹೆ ಅಲ್ಲ.

ಸೀರಿಯಲ್ ತಂತಿ ಹೊನ್ನಾವರ

ನಾನು ಮನೆಯಿಂದಲೇ ಈ ಕೆಲಸ ಮಾಡುವವಳು, ಒಂಬತ್ತು ವರ್ಷ ಆಯ್ತು. ನನ್ನ ಕಡೆ ದೋಣಿಗಳಿಗೆ ಹಾಕುವ ಪೆಟ್ಟಿಗೆ. ಎಂಜಿನ್ ಆರಿಸಿದ ಕೂಡಲೇ ಕರೆಂಟ್ ಕಟ್, ಯಾರೂ ಶಟ್‌ಡೌನ್ ಕೊಡುವುದಿಲ್ಲ. ಹನ್ನೆರಡು ಪೆಟ್ಟಿಗೆ ಕೊಟ್ಟಿದ್ದೆ, ಒಂದೇ ತಿಂಗಳಲ್ಲಿ ಐದು ವಾಪಸ್ ಬಂತು. ಎಲ್ಲದರಲ್ಲೂ ಒಂದೇ ರೋಗ: ಸೆಟ್ಟಿಂಗ್ ಫೈಲ್ ಇದೆ, ಗಾತ್ರ ಸೊನ್ನೆ.

ಯುಬಿಐಎಫ್‌ಎಸ್ ಕೆಟ್ಟಿರಲಿಲ್ಲ. ಮೌಂಟ್ ಆಗುತ್ತಿತ್ತು, ಜರ್ನಲ್ (ಬದಲಾವಣೆಯ ದಾಖಲೆ) ಸರಿ ಇತ್ತು. ನನ್ನ ಪ್ರೋಗ್ರಾಮ್ ತಾತ್ಕಾಲಿಕ ಫೈಲಿಗೆ ಬರೆದು ಹೆಸರು ಬದಲಿಸುತ್ತಿತ್ತು, ನಡುವೆ ಎಫ್‌ಸಿಂಕ್ (ಡೇಟಾ ಈಗಲೇ ಚಿಪ್ಪಿಗೆ ಇಳಿಸು ಅನ್ನುವ ಆಜ್ಞೆ) ಇರಲಿಲ್ಲ. ಎಕ್ಸ್‌ಟಿ4 ಅಂಥ ಪ್ರೋಗ್ರಾಮಿಗೆ ತಾನೇ ಮುಂದೆ ಬಂದು ಡೇಟಾ ಇಳಿಸಿಬಿಡುತ್ತದೆ, ಹಾಗಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ತಪ್ಪು ಕಾಣಲೇ ಇಲ್ಲ. ಯುಬಿಐಎಫ್‌ಎಸ್ ಆ ಉಪಕಾರ ಮಾಡುವುದಿಲ್ಲ. ಒಂದು ಸಾಲು ಎಫ್‌ಸಿಂಕ್ ಸೇರಿಸಿದೆ. ಆಮೇಲೆ ರಿಲೇ ಕಟ್ಟಿ ರಾತ್ರಿ ಪೂರ್ತಿ ಕರೆಂಟ್ ಕಿತ್ತೆ, ಎರಡು ನಿಮಿಷಕ್ಕೊಮ್ಮೆ. ಬೆಳಿಗ್ಗೆ ಫೈಲ್ ಹಾಗೇ ಇತ್ತು. ವಾಪಸ್ ಬಂದ ಐದು ಪೆಟ್ಟಿಗೆಗೆ ನಾನೇ ಮಲ್ಪೆಯವರೆಗೆ ಓಡಾಡಿದೆ, 3,200 ರೂಪಾಯಿ ಕೈಯಿಂದ ಹೋಯ್ತು.

ಇನ್ನೊಂದು ಪೆಟ್ಟು ತಿಂದದ್ದು ನಾರ್‌ನಲ್ಲಿ. ಎಸ್‌ಪಿಐ ನಾರ್ ಅಡಿಯಲ್ಲಿ 4096 ಬೈಟಿನ ಸಣ್ಣ ಸೆಕ್ಟರ್ ಬಳಸು ಅನ್ನುವ ಆಯ್ಕೆ ತಾನಾಗಿಯೇ ಆನ್ ಇರುತ್ತದೆ. ಯುಬಿಐಎಫ್‌ಎಸ್‌ಗೆ ಅಳಿಸುವ ಬ್ಲಾಕ್ ಕನಿಷ್ಠ 15 ಕೆಬಿ ಬೇಕು. ಕರ್ನಲ್ ಆಯ್ಕೆಗಳ ಮೆನುಕಾನ್ಫಿಗ್‌ನ ಸಹಾಯದ ಪುಟದಲ್ಲೇ ಅದು ಬರೆದಿದೆ. ನಾನು ಓದದೆ ನಾಲ್ಕು ದಿನ ಕಳೆದೆ.

ಡ್ರೈವರ್ ಮಾಡ್ಯೂಲಾ ಒಳಗಾ ಅಂತ ಕೇಳಿದ್ದೀರಿ. ರೂಟ್ (ಲಿನಕ್ಸಿನ ಮುಖ್ಯ ಫೈಲ್ ವ್ಯವಸ್ಥೆ) ಯುಬಿಐ ಮೇಲೆ ಇದ್ದರೆ ನ್ಯಾಂಡ್ ಕಂಟ್ರೋಲರ್, ಎಂಟಿಡಿ (ಕರ್ನಲ್ಲಿನ ಫ್ಲ್ಯಾಶ್ ಪದರ), ಯುಬಿಐ, ಯುಬಿಐಎಫ್‌ಎಸ್ ಎಲ್ಲಕ್ಕೂ ವೈ ಕೊಡಿ, ಅಂದರೆ ಕರ್ನಲ್ ಒಳಗೇ ಸೇರಿಸಿ. ಮಾಡ್ಯೂಲ್ ಫೈಲ್ ಇರುವುದೇ ಆ ರೂಟ್ ಒಳಗೆ. ಬೀಗದ ಕೈ ಪೆಟ್ಟಿಗೆಯೊಳಗೆ ಹಾಕಿ ಬೀಗ ಹಾಕಿದ ಹಾಗೆ ಆಗುತ್ತದೆ.

ನಿವೃತ್ತ ಮಾಸ್ತರ ಅಂಕೋಲಾ

ಶಿರಸಿಯವರು ಸ್ಕ್ರಬ್ ಕೊಟ್ಟದ್ದನ್ನು ಓದಿ ನನಗೆ ಬೇಸರವಾಯಿತು. ಇಪ್ಪತ್ತಾರು ವರ್ಷ ಪಾಠ ಹೇಳಿದ್ದೇನೆ. ಡೇಟಾಶೀಟ್ ತೆರೆಯದೆ ಚಿಪ್ಪಿಗೆ ಕೈ ಹಾಕಬಾರದು. 1 ಗಿಗಾಬಿಟ್ (128 ಎಂಬಿ) ಎಸ್‌ಎಲ್‌ಸಿ ಚಿಪ್ಪಿನಲ್ಲಿ 1024 ಬ್ಲಾಕ್, ಒಂದೊಂದಕ್ಕೆ 64 ಪುಟ, ಪುಟಕ್ಕೆ 2048 ಬೈಟು, ಇಸಿಸಿ, ಗುರುತು ಇಡುವ ಪಕ್ಕದ ಜಾಗ 64 ಬೈಟು. ಬಿಸಿಎಚ್8ಕ್ಕೆ ಪ್ರತಿ 512ಕ್ಕೆ 13 ಬೈಟು ಬೇಕು. ನಾಲ್ಕು ಸಲ ಅಂದರೆ 52. ಕೆಟ್ಟ ಬ್ಲಾಕಿನ ಗುರುತಿಗೆ 2 ಬಿಟ್ಟರೆ ಉಳಿಯುವುದು 10. ಈ ಲೆಕ್ಕ ಕಾಗದದ ಮೇಲೆ ಹಾಕಿದವನಿಗೆ ಮೈನಸ್ 74 ಕಂಡರೆ ಹೆದರಿಕೆ ಆಗುವುದಿಲ್ಲ.

ಯುಬಿಐ 1024ಕ್ಕೆ 20 ಬ್ಲಾಕ್ ಕೆಟ್ಟದ್ದಕ್ಕೆಂದು ತೆಗೆದಿಡುತ್ತದೆ, ತನ್ನ ಕೆಲಸಕ್ಕೆ 4. ಉಳಿದ 1000ಕ್ಕೆ ಯುಬಿಐ ತಲೆಬರಹದ ಎರಡು ಪುಟ ಕಳೆದು ತಲಾ 124 ಕೆಬಿ, ಅಂದರೆ 121 ಎಂಬಿ ನಿಮ್ಮ ಕೈಗೆ. ನನ್ನ ವಿದ್ಯಾರ್ಥಿಯೊಬ್ಬ ಚಿಪ್ಪನ್ನು ನಾಲ್ಕು ಪಾಲು ಮಾಡಿ ನಾಲ್ಕರಲ್ಲೂ ಬೇರೆ ಬೇರೆ ಯುಬಿಐ ಹಾಕಿದ್ದ. ಆ 20ನ್ನು ಯುಬಿಐ ಪಾಲಿನ ಮೇಲೆ ಲೆಕ್ಕ ಹಾಕುವುದಿಲ್ಲ, ಇಡೀ ಚಿಪ್ಪಿನ ಮೇಲೆ ಹಾಕುತ್ತದೆ. ಎಲ್ಲ ಕೆಟ್ಟ ಬ್ಲಾಕೂ ಒಂದೇ ಪಾಲಿನಲ್ಲಿ ಬರಬಹುದಲ್ಲ. 4 ಎಂಬಿಯ ಪಾಲಿನಲ್ಲಿ 32 ಬ್ಲಾಕ್, ಅದರಲ್ಲಿ 24 ಹೋಯಿತು. ಎರಡು ತಿಂಗಳ ಪ್ರಾಜೆಕ್ಟು ಪರೀಕ್ಷೆಯ ಹಿಂದಿನ ದಿನ ನಿಂತಿತು. ಯುಬಿಐ ಒಂದೇ ಇರಲಿ, ಒಳಗೆ ವಾಲ್ಯೂಮ್ ಎಷ್ಟಾದರೂ ಮಾಡಿ.

ಅಡಿಕೆಮನೆ ಶಿರಸಿ

ಮಾಸ್ತರ್ರೇ, ನೀವು ಲೆಕ್ಕ ಹೇಳಿದ್ದು ಸರಿ. ಆದರೆ ನನ್ನ ಚಿಪ್ಪಿನ ಡೇಟಾಶೀಟ್ ಬೋರ್ಡ್ ಮಾರಿದವರ ಹತ್ತಿರವೇ ಇರಲಿಲ್ಲ, ಮೂರು ಮೇಲ್ ಕಳಿಸಿದ್ದೇನೆ. ರಾತ್ರಿ ಎರಡು ಗಂಟೆಗೆ, ಹೊರಗೆ ಮಳೆ ಹೊಯ್ಯುವಾಗ, ಯುಪಿಎಸ್ ಬೀಪ್ ಹೊಡೆಯುವಾಗ ಕೂತವನ ಸಂಕಟ ತರಗತಿಯಲ್ಲಿ ಬರುವುದಿಲ್ಲ. ಬೇಸರ ನನಗೂ ಆಗಿದೆ.

ನಿವೃತ್ತ ಮಾಸ್ತರ ಅಂಕೋಲಾ

ಡೇಟಾಶೀಟ್ ಇಲ್ಲದಿದ್ದರೆ ಚಿಪ್ಪಿನ ಮೈಮೇಲಿನ ನಂಬರ್ ಓದಿ ಹುಡುಕಬೇಕಿತ್ತು. ಸಂಕಟ ಇತ್ತು ಎಂದ ಮಾತ್ರಕ್ಕೆ ಒತ್ತಿದ ವೈ ಸರಿಯಾಗುವುದಿಲ್ಲ. ನಾನು ಕಠಿಣವಾಗಿ ಹೇಳುತ್ತಿದ್ದರೆ ಕ್ಷಮಿಸಿ, ಆದರೆ ಈ ಪುಟವನ್ನು ನಾಳೆ ಹೊಸ ಹುಡುಗರು ಓದುತ್ತಾರೆ.

ಕೋಡಿಬಾಗ 66

ನಾರ್ ಬಗ್ಗೆ ಹೊನ್ನಾವರದ ಅಕ್ಕ ಬಿಟ್ಟರೆ ಯಾರೂ ಮಾತಾಡಲಿಲ್ಲ. ನನ್ನದು ಕಾರವಾರ. ಬೋರ್ಡಿನಲ್ಲಿದ್ದ 16 ಎಂಬಿ ನಾರ್ ತೆಗೆದು 32 ಎಂಬಿಯದ್ದು ಬೆಸುಗೆ ಹಾಕಿಸಿದೆ. ಕರ್ನಲ್ ಗುರುತು ಹಿಡಿಯಿತು, ಎಲ್ಲ ನಡೆಯಿತು. ಪ್ಲಗ್ ಕಿತ್ತು ಹಾಕಿದರೆ ಬೂಟ್ ಆಗುತ್ತದೆ, ರೀಬೂಟ್ ಅಂತ ಕೊಟ್ಟರೆ ಹೆಣದ ಹಾಗೆ ಬಿದ್ದಿರುತ್ತದೆ. ಸೀರಿಯಲ್‌ನಲ್ಲಿ ಒಂದಕ್ಷರ ಇಲ್ಲ.

ಮೂರು ಬೈಟಿನ ವಿಳಾಸಕ್ಕೆ 16 ಎಂಬಿ ಮಾತ್ರ ಎಟಕುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಕರ್ನಲ್ ಚಿಪ್ಪನ್ನು ನಾಲ್ಕು ಬೈಟಿಗೆ ಹಾಕಿತ್ತು. ರೀಬೂಟ್ ಆದಾಗ ಪ್ರೊಸೆಸರಿನ ಬೂಟ್ ರೋಮ್ (ಒಳಗೇ ಇರುವ ಮೊದಲ ಪ್ರೋಗ್ರಾಮ್) ಮೂರು ಬೈಟಿನಲ್ಲಿ ಕೇಳುತ್ತದೆ, ಚಿಪ್ಪು ನಾಲ್ಕನೆಯದಕ್ಕೆ ಕಾಯುತ್ತ ಕೂರುತ್ತದೆ. ನನ್ನ ಬೋರ್ಡಿನಲ್ಲಿ ಚಿಪ್ಪಿನ ರೀಸೆಟ್ ಕಾಲಿಗೆ ತಂತಿಯೇ ಇರಲಿಲ್ಲ. ಡಿವೈಸ್ ಟ್ರೀಯಲ್ಲಿ 'ಬ್ರೋಕನ್ ಫ್ಲ್ಯಾಶ್ ರೀಸೆಟ್' ಅಂತ ಒಂದು ಗುಣ ಇದೆ, ಅದು ಗೊತ್ತಾಗಲಿಕ್ಕೆ ಏಳು ವಾರ. ಅದನ್ನು ಹಾಕಿದರೂ ಕರ್ನಲ್ ಪ್ಯಾನಿಕ್ ಆಗಿ, ಅಂದರೆ ಕುಸಿದು, ರೀಸೆಟ್ ಆದರೆ ಮತ್ತೆ ಅದೇ ಕಥೆ. ಕೊನೆಗೆ ತೆಳು ತಂತಿಯಲ್ಲಿ ರೀಸೆಟ್ ಕಾಲನ್ನು ಬೋರ್ಡಿನ ರೀಸೆಟ್‌ಗೆ ಬೆಸೆಸಿದೆ. ತಂತಿ ಕೂದಲಿನಷ್ಟು ಸಣ್ಣ, ಮೇಲೆ ಉಗುರುಬಣ್ಣ ಹಚ್ಚಿದ್ದೇನೆ, ಇಲ್ಲಿಯ ಉಪ್ಪುಗಾಳಿಗೆ ತಾಮ್ರ ಆರು ತಿಂಗಳಲ್ಲಿ ಹಸಿರು ಹಿಡಿಯುತ್ತದೆ.

ಖರ್ಚು ಕೇಳಿ. ಚಿಪ್ಪಿಗೆ ಬರೆಯುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್ 380, ಚಿಪ್ಪಿಗೆ ಕಚ್ಚುವ ಕ್ಲಿಪ್ 210. ಆ ಪ್ರೋಗ್ರಾಮರ್ 3.3 ವೋಲ್ಟಿನ ಚಿಪ್ಪಿನ ಡೇಟಾ ಸಾಲಿಗೆ 5 ವೋಲ್ಟ್ ಬಿಡುತ್ತದೆ, ನನ್ನ ಮೊದಲ ಚಿಪ್ಪು ಅದರಲ್ಲೇ ಹೋಯ್ತು ಅಂತ ನನ್ನ ನಂಬಿಕೆ. ಎರಡನೆಯ ಚಿಪ್ಪು ತರಿಸಿದ್ದು 2024ರ ಜುಲೈಯಲ್ಲಿ. 16ನೇ ತಾರೀಕು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಹೆದ್ದಾರಿ ಮುಚ್ಚಿತು. ಆಗ ಚಿಪ್ಪು ಯಾವಾಗ ಬರುತ್ತದೆ ಅಂತ ಕೇಳುವ ಮನಸ್ಸೂ ಇರಲಿಲ್ಲ.

ಯಲ್ಲಾಪುರ ಘಟ್ಟ

ಇದನ್ನೇ ನಾನು ಹೇಳುವುದು. ಏಳು ವಾರ, ಉಗುರುಬಣ್ಣ, ಕೂದಲಿನಂಥ ತಂತಿ. ಇಎಂಎಂಸಿ ಇದ್ದರೆ ಇದ್ಯಾವುದೂ ಇಲ್ಲ.

ಸೀರಿಯಲ್ ತಂತಿ ಹೊನ್ನಾವರ

ನಿಮ್ಮ ಇಎಂಎಂಸಿಯ ಒಳಗಿನ ಕಂಟ್ರೋಲರ್ ಬರೆಯುವಾಗ ಕರೆಂಟ್ ಹೋದರೆ ಒಳಗೆ ಏನಾಯಿತು ಅಂತ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ದೋಣಿಯಲ್ಲಿ ಒಂದು ಹಾಗೆ ಸತ್ತಿದೆ, ಪೂರ್ತಿ ಚಿಪ್ಪೇ ಉತ್ತರ ಕೊಡುತ್ತಿರಲಿಲ್ಲ. ನ್ಯಾಂಡ್ ಕೆಟ್ಟರೆ ಯಾವ ಬ್ಲಾಕು ಅಂತ ನಂಬರ್ ಹೇಳಿ ಕೆಡುತ್ತದೆ. ನಿಮ್ಮ ಬೋರ್ಡು ಯುಪಿಎಸ್ ಮೇಲೆ ಒಳಗೆ ಇದೆ ತಾನೇ? ಸಮುದ್ರದ ಮೇಲೆ ಇಟ್ಟು ನೋಡಿ, ಆಮೇಲೆ ಮಾತಾಡೋಣ.

ಯಲ್ಲಾಪುರ ಘಟ್ಟ

ಯುಪಿಎಸ್ ಇಟ್ಟದ್ದು ತಪ್ಪು ಅಂತೀರಾ? 2,900 ಕೊಟ್ಟು ಇಟ್ಟಿದ್ದೇನೆ. ಅದೂ ಡ್ರೈವರಿನಷ್ಟೇ ಮುಖ್ಯ.

ಕಡಲತಡಿ ಕುಮಟಾ

ಎಲ್ಲರಿಗೂ ಧನ್ಯವಾದ. ಡ್ರೈವರ್‌ಗಳಿಗೆಲ್ಲ ವೈ ಕೊಟ್ಟು ಮತ್ತೆ ಕಟ್ಟಿದೆ. ಮೈನಸ್ 74 ನನ್ನಲ್ಲಿ ಇಲ್ಲವೇ ಇಲ್ಲ, ಇಸಿಸಿ ಎರಡೂ ಕಡೆ ಒಂದೇ ಇದೆ. ಬರುತ್ತಿರುವ ಸಾಲು ಇದು: ವಿಐಡಿ ಹೆಡರ್ ಆಫ್‌ಸೆಟ್ (ಯುಬಿಐಯ ಎರಡನೇ ತಲೆಬರಹದ ಜಾಗ) ತಪ್ಪು, 2048 ಇದೆ, 512 ನಿರೀಕ್ಷೆ.

ಸೀರಿಯಲ್ ತಂತಿ ಹೊನ್ನಾವರ

ಇದನ್ನು ಮೊದಲೇ ಹಾಕಿದ್ದರೆ ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ನಿಮ್ಮ ಕರ್ನಲ್ ಪುಟವನ್ನು 512ರ ಉಪಪುಟ ಮಾಡಿ ಬರೆಯಬಹುದು ಅಂತ ನಂಬಿದೆ, ನೀವು ಇಮೇಜ್ ಕಟ್ಟುವ ಯುಬಿನೈಜ್‌ಗೆ ಉಪಪುಟ 2048 ಅಂತ ಹೇಳಿದ್ದೀರಿ. ಎರಡು ದಾರಿ. ಬೂಟ್ ಸಾಲಿನಲ್ಲಿ ಯುಬಿಐ.ಎಂಟಿಡಿ ಹೆಸರಿನ ನಂತರ ಕೊಮಾ ಹಾಕಿ 2048 ಅಂತ ಬರೆಯಿರಿ, ಇದೇ ಇಮೇಜ್ ನಡೆಯುತ್ತದೆ. ಇಲ್ಲ, ಇಮೇಜನ್ನೇ ಹೊಸದಾಗಿ ಮಾಡಿ: ಯುಬಿನೈಜ್‌ಗೆ ಮೈನಸ್ ಎಸ್ 512, ಆಗ ಫೈಲ್ ವ್ಯವಸ್ಥೆ ಕಟ್ಟುವ ಎಂಕೆಎಫ್‌ಎಸ್‌ನಲ್ಲಿ ಎಲ್‌ಇಬಿ (ಬ್ಲಾಕಿನಲ್ಲಿ ಡೇಟಾಕ್ಕೆ ಸಿಗುವ ಭಾಗ) ಗಾತ್ರ 126976 ಹೋಗಿ 129024 ಆಗಬೇಕು. ಒಂದು ಬದಲಿಸಿ ಇನ್ನೊಂದು ಮರೆತರೆ ಮೌಂಟ್ ಆಗುವುದಿಲ್ಲ. ಬರೆಯುವಾಗ ಯುಬಿಫಾರ್ಮ್ಯಾಟ್ ಬಳಸಿ, ಫ್ಲ್ಯಾಶ್ ಇರೇಸ್ ಬೇಡ, ಎಷ್ಟು ಸಲ ಅಳಿಸಿದೆ ಅನ್ನುವ ಲೆಕ್ಕ ಹೋಗುತ್ತದೆ.

ನಿವೃತ್ತ ಮಾಸ್ತರ ಅಂಕೋಲಾ

ಎರಡನೆಯ ದಾರಿ ಬೇಡ. ಯು-ಬೂಟ್ ಉಪಪುಟ ಒಪ್ಪುತ್ತದೆಯೋ ಮೊದಲು ನೋಡಬೇಕು. 2048 ಇಟ್ಟರೆ ಬ್ಲಾಕಿಗೆ 2 ಕೆಬಿ ನಷ್ಟ, ಒಟ್ಟು 2 ಎಂಬಿಯೊಳಗೆ. ಮಳೆಯ ಅಂಕಿಗೆ ಅದು ದೊಡ್ಡದಲ್ಲ.

ಅಡಿಕೆಮನೆ ಶಿರಸಿ

2 ಎಂಬಿ ದೊಡ್ಡದಲ್ಲ ಅನ್ನಬೇಡಿ ಮಾಸ್ತರ್ರೇ. ನನ್ನ ಪೆಟ್ಟಿಗೆ ಐದು ನಿಮಿಷಕ್ಕೊಂದು ಸಾಲು ಬರೆಯುತ್ತದೆ, 2 ಎಂಬಿ ಅಂದರೆ ಒಂದು ಮಳೆಗಾಲ.

ಕಡಲತಡಿ ಕುಮಟಾ

ಕೊಮಾ 2048 ಹಾಕಿದೆ. ಯುಬಿಐ ಅಟ್ಯಾಚ್ ಆಯ್ತು, ಕೆಟ್ಟ ಬ್ಲಾಕ್ ಒಟ್ಟು 3 ಅಂತ ತೋರಿಸಿತು, ಲಾಗಿನ್ ಬಂತು. ಈಗ ನಾರ್‌ನಲ್ಲಿರುವ ಹಳೆ ಯು-ಬೂಟಿನ ಒಂದು ನಕಲು ತೆಗೆದಿಡಬೇಕು. ಕಾರವಾರದವರ ಹತ್ತಿರ ಕ್ಲಿಪ್ ಇನ್ನೂ ಇದೆಯಾ?

ಕೋಡಿಬಾಗ 66

ಇದೆ. ಆದರೆ ನಕಲಿಗೆ ಕ್ಲಿಪ್ ಯಾಕೆ, ಲಿನಕ್ಸ್ ಎದ್ದಿದೆಯಲ್ಲ? ಎಂಟಿಡಿ ಸಾಧನದಿಂದ ಡಿಡಿ ಅನ್ನುವ ನಕಲು ಆಜ್ಞೆಯಲ್ಲಿ ಓದಿ ಫೈಲಿಗೆ ಹಾಕಿ, ನಾರ್ ಓದಲಿಕ್ಕೆ ಡಿಡಿ ಸಾಕು. ಎರಡು ಸಲ ಓದಿ ಹೋಲಿಸಿ. ಯು-ಬೂಟ್ ಕೆಟ್ಟುಹೋದರೆ ಮಾತ್ರ ಕ್ಲಿಪ್ ಬೇಕು, ಆಗ ಹೇಳಿ. ಬೆಳಗಿನ ಕುಮಟಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಪ್ರೋಗ್ರಾಮರ್ ಜೊತೆಗೇ. ಅದರ ವೋಲ್ಟೇಜ್ ತಿದ್ದಿದ್ದೇನೆ, ಮೀಟರ್ ಹಿಡಿದು ನೋಡಿಯೇ ಚಿಪ್ಪಿಗೆ ಹಚ್ಚಿ.