ಅಪ್‌ಡೇಟ್: ಕುದುರೆಯ ಮೈಮೇಲಿನ ಚುಕ್ಕೆಗಳು ನಿಂತವು

ಚಿಕ್ಕಮಗಳೂರಿನ ಮಳೆಗಾಲದಲ್ಲಿ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಕಂದು ಕುದುರೆಯ ಮಾದರಿಗೆ ಬಣ್ಣ ಹಾಕುವಾಗ ಮೈಮೇಲೆಲ್ಲ ಚುಕ್ಕೆಗಳು ಸಿಡಿಯುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೆ. ದೋಷ ಬಣ್ಣದ್ದಲ್ಲ, ಗಾಳಿಯದು: ಕಂಪ್ರೆಸರ್ ಒತ್ತುತ್ತಿದ್ದ ತೇವದ ಗಾಳಿ ಕೊಳವೆಯಲ್ಲಿ ತಣ್ಣಗಾಗಿ ನೀರಾಗುತ್ತಿತ್ತು. ನೀವು ಹೇಳಿದ ವಾಟರ್ ಟ್ರ್ಯಾಪ್ (ಗಾಳಿಯಲ್ಲಿನ ನೀರನ್ನು ಹಿಡಿದಿಡುವ ಸಾಧನ) ಜೋಡಿಸಿದ ಒಂದು ಗಂಟೆಯೊಳಗೆ ಅದರ ತಳದಲ್ಲಿ ಅರ್ಧ ಚಮಚದಷ್ಟು ನೀರು ನಿಂತಿದ್ದನ್ನು ಕಂಡು, ಇಷ್ಟು ದಿನ ಬಣ್ಣವನ್ನು ಬೈದದ್ದಕ್ಕೆ ನನಗೇ ನಾಚಿಕೆಯಾಯಿತು. ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳುಮಾಡಿ, ಒತ್ತಡವನ್ನು 15 ಪಿಎಸ್‌ಐಗೆ ಇಳಿಸಿ, ಮೊದಲು ತಿಳಿಗಂದನ್ನೂ ಅದರ ಮೇಲೆ ಬೆನ್ನು ಮತ್ತು ಕುತ್ತಿಗೆಗೆ ಗಾಢ ಕಂದನ್ನೂ ಪದರ ಪದರವಾಗಿ ಹಾಯಿಸಿದೆ. ಮೊಣಕಾಲಿನ ಕೆಳಗಿನ ಕಪ್ಪು ಈಗ ಗೆರೆ ಎಳೆದಂತೆ ಕಾಣದೆ ಕಂದಿನೊಳಗೆ ಕರಗಿದೆ. ಕಣ್ಣಿನ ಹೊಳಪನ್ನು ಮಾತ್ರ ಸಣ್ಣ ಕುಂಚದಿಂದಲೇ ಮುಗಿಸಿದೆ. ಗೊರಸುಗಳು ಇನ್ನೂ ಬಾಕಿಯಿವೆ.